ಊರು ಹೊತ್ತಿಕೊಂಡಾಗ ದೂರದಲ್ಲಿದ್ದವರು

ಪ್ರಶ್ನೆ: ಮೇಡಂ, ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲೇ. ಓದಿದ್ದು ಕನ್ನಡ ಮಾಧ್ಯಮ. ಅಪ್ಪ ನೇಪಾಳದ ಅಛಾಮ್ ಜಿಲ್ಲೆಯವರು. 27 ವರ್ಷದಿಂದ ಇಲ್ಲಿ ರಾತ್ರಿ ಕಾವಲು ಕೆಲಸ ಮಾಡುತ್ತಿದ್ದಾರೆ. ನಾನು ವಿದ್ಯಾನಗರದಲ್ಲಿ ಮೊಮೊ ಗಾಡಿ ಇಟ್ಟಿದ್ದೇನೆ. 2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ನನ್ನ ವಯಸ್ಸಿನವರು ಬೀದಿಗಿಳಿದಾಗ ಮೂರು ದಿನ ನನಗೆ ನಿದ್ದೆ ಬರಲಿಲ್ಲ. ನಾನೇ ಮಾತಾಡಿ ವಿಡಿಯೊ ಹಾಕಿದೆ. ಬಂದ ವಿಡಿಯೊಗಳನ್ನೆಲ್ಲ ಹಂಚಿದೆ. ಅಪ್ಪ ಮೊಬೈಲ್ ಕಿತ್ತುಕೊಂಡು, ‘ಆ ರಾಜಕೀಯ ನಮಗೆ ಬೇಡ’ ಅಂತ ಕೂಗಾಡಿದರು. ಅವತ್ತಿನಿಂದ ನಮ್ಮಿಬ್ಬರ ನಡುವೆ ಸರಿಯಾಗಿ ಮಾತಿಲ್ಲ. ಈಗ 2026ರ ಮಾರ್ಚ್ 5ಕ್ಕೆ ಅಲ್ಲಿ ಚುನಾವಣೆ. ಅಲ್ಲಿರುವ ಗೆಳೆಯರು ‘ದುಡ್ಡು ಕಳಿಸು, ಇನ್ನೂ ವಿಡಿಯೊ ಮಾಡು’ ಅಂತಿದ್ದಾರೆ. ಅಲ್ಲಿ ಒಂದು ವರ್ಷವೂ ಇರದ ನನಗೆ ಆ ದೇಶದ ಬಗ್ಗೆ ಮಾತಾಡುವ ಹಕ್ಕು ಇದೆಯಾ?
– ಹೆಸರು ಬೇಡ, ನಿಟುವಳ್ಳಿ, ದಾವಣಗೆರೆ

ಉತ್ತರ: ತಮ್ಮಾ, ವಯಸ್ಸಿನ ಸಲುಗೆಯಿಂದ ‘ನೀನು’ ಅನ್ನುತ್ತೇನೆ. ನಿನಗೆ ಹಕ್ಕು ಇದೆ. ಅದರಲ್ಲಿ ಅನುಮಾನ ಬೇಡ. ಹೊರಗೆ ದುಡಿಯುವವರು ಊರಿಗೆ ಕಳಿಸುವ ದುಡ್ಡು ನೇಪಾಳದ ಜಿಡಿಪಿಯ ಸುಮಾರು ಕಾಲು ಭಾಗಕ್ಕೆ ಸಮ. ಅದರಲ್ಲಿ ನಿನ್ನಪ್ಪ ನಿದ್ದೆಗೆಟ್ಟು ದುಡಿದ ದುಡ್ಡೂ ಇದೆ. ದುಡ್ಡು ಬೇಕು, ಮಾತು ಬೇಡ ಅಂದರೆ ಅದು ನ್ಯಾಯವಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿ. ನೇಪಾಳದ ಪ್ರಜಾಪ್ರಭುತ್ವಕ್ಕೆ ಹೊರಗಿದ್ದವರ ಬೆವರು ಬಹಳ ಬಿದ್ದಿದೆ. ರಾಣಾ ಮನೆತನ ಅಲ್ಲಿ 104 ವರ್ಷ ಆಳಿತು. ಒಳಗೇ ಅವರಿಗೆ ಎದುರು ನಿಂತವರಲ್ಲಿ ನಾಲ್ವರನ್ನು 1941ರಲ್ಲಿ ಕೊಂದರು. ಆಮೇಲೆ ಬನಾರಸ್‌ನಲ್ಲಿ, ಕಲ್ಕತ್ತಾದಲ್ಲಿ ಇದ್ದ ನೇಪಾಳಿಗಳು ಸೇರಿ 1947ರಲ್ಲಿ ಕಲ್ಕತ್ತಾದಲ್ಲೇ ಪಕ್ಷ ಕಟ್ಟಿದರು. ಅವರ ಮುಂದಾಳು ಬಿ.ಪಿ. ಕೊಯಿರಾಲ ಬನಾರಸ್‌ನಲ್ಲಿ ಬೆಳೆದವರು. ಅದೇ ವರ್ಷ ಬಿರಾಟ್‌ನಗರದ ಸೆಣಬಿನ ಗಿರಣಿಯಲ್ಲಿ ಮುಷ್ಕರ ನಡೆಯಿತು. ಗಿರಣಿ ಮುಷ್ಕರ ಅಂದರೆ ಏನು ಅಂತ ದಾವಣಗೆರೆಯ ಹಳೇ ಹತ್ತಿ ಗಿರಣಿ ಕೆಲಸಗಾರರನ್ನು ಕೇಳು, ಹೇಳುತ್ತಾರೆ. ಬಿ.ಪಿ. ಅಲ್ಲಿಗೆ ಹೋಗಿ ಜೈಲು ಸೇರಿದರು. 1951ರಲ್ಲಿ ರಾಣಾ ಆಡಳಿತ ಮುಗಿಯಿತು. 1959ರ ಮೊದಲ ಚುನಾವಣೆ ಗೆದ್ದು ಅವರೇ ಪ್ರಧಾನಿಯಾದರು. ಬನಾರಸ್‌ನಲ್ಲಿ ಬೆಳೆದ ಹುಡುಗನಿಗೆ ಇದ್ದ ಹಕ್ಕು ದಾವಣಗೆರೆಯಲ್ಲಿ ಬೆಳೆದವನಿಗೂ ಇದೆ.

ಆದರೆ ಅವರು ಗಡಿ ದಾಟಿ ಒಳಗೆ ಹೋಗಿದ್ದರು. ಏಟು ಬಿದ್ದರೆ ತಮ್ಮ ಮೈಮೇಲೇ ಬೀಳುತ್ತಿತ್ತು. ನೀನು ವಿದ್ಯಾನಗರದಲ್ಲಿ ನಿಂತು ಮಾಡಿದ ವಿಡಿಯೊಗೆ ಏಟು ಯಾರಿಗೆ ಬೀಳುತ್ತದೆ? ನಾನು ನಿನ್ನ ಹತ್ತಿರ ಕೇಳುವುದು ಇದೊಂದೇ.

ಸೆಪ್ಟೆಂಬರ್‌ನಲ್ಲಿ ನಮ್ಮ ಮನೆ ಮುಂದೆ ನಡೆದದ್ದನ್ನು ಹೇಳುತ್ತೇನೆ. ನಮ್ಮ ಓಣಿಗೂ ನಿನ್ನಪ್ಪನಂಥ ಒಬ್ಬರು ಕಾವಲಿದ್ದಾರೆ. ತಿಂಗಳ ಮೊದಲ ವಾರ ಒಂದು ಸಣ್ಣ ಪುಸ್ತಕ ಹಿಡಿದು ಮನೆ ಮನೆಗೆ ಬರುತ್ತಾರೆ. ನಾವು ಐವತ್ತೋ ನೂರೋ ಕೊಡುತ್ತೇವೆ, ಅವರು ಪುಸ್ತಕದಲ್ಲಿ ಗೀಟು ಹಾಕಿಕೊಳ್ಳುತ್ತಾರೆ. ಹನ್ನೊಂದು ವರ್ಷ ನಾನು ಅವರನ್ನು ‘ಗೂರ್ಖಾ’ ಅಂತಲೇ ಕರೆದೆ. ಹೆಸರು ಕೇಳಿದ್ದು ಮೊನ್ನೆ ಮೊನ್ನೆ. ಅದು ನನಗೆ ಈಗಲೂ ಚುಚ್ಚುತ್ತದೆ.

ಸೆಪ್ಟೆಂಬರ್ 7, ಭಾನುವಾರ ಬೆಳಿಗ್ಗೆ ಅವರು ಪುಸ್ತಕ ತೆಗೆಯಲಿಲ್ಲ. ಮೊಬೈಲ್ ಮುಂದೆ ಹಿಡಿದರು. ‘ಅಮ್ಮಾ, ಮೂರು ದಿನ ಆಯ್ತು, ಮಗಳಿಗೆ ವಾಟ್ಸ್‌ಆ್ಯಪ್ ಹೋಗ್ತಾನೇ ಇಲ್ಲ. ರಿಪೇರಿ ಅಂಗಡೀಲಿ ಫೋನ್ ಸರಿ ಇದೆ ಅಂದ್ರು.’ ಫೋನ್ ಸರಿಯಾಗೇ ಇತ್ತು. ನೇಪಾಳ ಸರ್ಕಾರ ಸೆಪ್ಟೆಂಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಯೂಟ್ಯೂಬ್ ಸೇರಿ 26 ಜಾಲತಾಣಗಳನ್ನು ನಿಲ್ಲಿಸಿತ್ತು. ನೋಂದಣಿ ಮಾಡಿಸಿಕೊಂಡಿದ್ದ ಟಿಕ್‌ಟಾಕ್, ವೈಬರ್ ಥರದ ಕೆಲವು ಮಾತ್ರ ನಡೆಯುತ್ತಿದ್ದವು. ಹೊರಗೆ ದುಡಿಯುವ ಲಕ್ಷಾಂತರ ಜನ ಒಂದೇ ಏಟಿಗೆ ಮನೆಯ ಮುಖ ಕಾಣದ ಹಾಗಾಯಿತು. ನಾನು ನನ್ನ ಫೋನಿನಿಂದ ಐಎಸ್‌ಡಿ ಹಚ್ಚಿಕೊಟ್ಟೆ. ಮಗಳು ಎತ್ತಿದಳು. ನಾಲ್ಕು ನಿಮಿಷ ಮಾತಾಡಿದರು. ಫೋನ್ ವಾಪಸ್ ಕೊಡುವ ಮೊದಲು ಅದರ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು.

ಮರುದಿನ ಕಠ್ಮಂಡುವಿನಲ್ಲಿ ಗುಂಡು ಹಾರಿತು. ಒಂದೇ ದಿನ 19 ಜನ ಸತ್ತರು. ಆ ರಾತ್ರಿ ನಿಷೇಧ ತೆಗೆದರು. 9ಕ್ಕೆ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಸಂಸತ್ತು, ಸರ್ಕಾರದ ಕಚೇರಿಗಳಿರುವ ಸಿಂಹ ದರ್ಬಾರ್, ಸುಪ್ರೀಂ ಕೋರ್ಟ್ ಎಲ್ಲಕ್ಕೂ ಬೆಂಕಿ ಬಿತ್ತು. ಆ ದಿನ ನಾನೂ ತಪ್ಪು ಮಾಡಿದೆ. ಮಾಜಿ ಪ್ರಧಾನಿ ಝಲನಾಥ್ ಖನಾಲ್ ಅವರ ಪತ್ನಿ ಮನೆಗೆ ಹಚ್ಚಿದ ಬೆಂಕಿಯಲ್ಲಿ ಸುಟ್ಟು ಸತ್ತರು ಅಂತ ಟಿವಿಯಲ್ಲಿ ಬಂತು. ರಾತ್ರಿ ಸೀಟಿ ಊದುತ್ತಾ ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ಹೇಳಿಬಿಟ್ಟೆ. ಅವರು ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೋಲನ್ನು ಕಾಲ ನಡುವೆ ಇಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆ ಹೆಣ್ಣುಮಗಳು ಸತ್ತಿರಲಿಲ್ಲ. ಸುಟ್ಟ ಗಾಯಗಳಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿತ್ತು, ಆಮೇಲೆ ದೆಹಲಿಗೂ ಕರೆತಂದರು. ವಿಷಯ ಗೊತ್ತಾದ ದಿನ ನಾನೇ ಹುಡುಕಿಕೊಂಡು ಹೋಗಿ ಅವರಿಗೆ ಹೇಳಿದೆ. ‘ಊರಿಗೂ ಹೇಳ್ಬಿಟ್ಟೆನಲ್ಲಮ್ಮಾ’ ಅಂದರು. ನನ್ನ ಬಾಯಿಂದ ಹೊರಟ ಸುಳ್ಳು ಒಂದೇ ರಾತ್ರಿಯಲ್ಲಿ ಬೆಟ್ಟದ ಹಳ್ಳಿ ಮುಟ್ಟಿತ್ತು.

ನೀನು ‘ಬಂದ ವಿಡಿಯೊಗಳನ್ನೆಲ್ಲ ಹಂಚಿದೆ’ ಅಂತ ಬರೆದಿದ್ದೀಯಲ್ಲ, ಆ ‘ಎಲ್ಲ’ ಅನ್ನುವ ಮಾತು ನನ್ನನ್ನು ತಡೆಯಿತು. ಉರಿಯುವ ಮನೆಯ ವಿಡಿಯೊ ನಿನಗೆ ಸುದ್ದಿ. ಆ ಬೀದಿಯಲ್ಲಿರುವವರಿಗೆ ಮುಂದಿನ ಮನೆ ಯಾವುದು ಅನ್ನುವ ಸೂಚನೆ. ಓಡುವ ಹುಡುಗರ ಮುಖ ಕಾಣುವ ವಿಡಿಯೊ ಪೊಲೀಸರಿಗೂ ಸಿಗುತ್ತದೆ. ಹಾಗಾಗಿ ಇನ್ನು ಮುಂದೆ ಹಂಚುವ ಮೊದಲು ಆ ಊರಲ್ಲಿ, ಆ ಬೀದಿಯಲ್ಲಿ ಇರುವ ಒಬ್ಬರಿಗೆ ಫೋನ್ ಮಾಡು. ನಡೆದದ್ದು ನಿಜವಾ, ಹಾಕಿದರೆ ಯಾರಿಗಾದರೂ ತೊಂದರೆಯಾ ಅಂತ ಕೇಳು. ಬೇಡ ಅಂದರೆ ಬೇಡ. ಅಷ್ಟು ಹೊತ್ತಿಗೆ ಸುದ್ದಿ ಹಳೇದಾದರೆ ಆಗಲಿ ಬಿಡು.

ಈಗ ಅಪ್ಪನ ವಿಷಯ. ಅವರನ್ನು ಹೇಡಿ ಅಂದುಕೊಂಡಿದ್ದೀಯಾ? ಲೆಕ್ಕ ಹಾಕು. 27 ವರ್ಷದ ಹಿಂದೆ ಅಂದರೆ ನೇಪಾಳದಲ್ಲಿ ಮಾವೋವಾದಿಗಳ ಯುದ್ಧ ಶುರುವಾಗಿ ಮೂರು ವರ್ಷ ಆಗಿತ್ತು. ಅದು 1996ರಿಂದ 2006ರವರೆಗೆ ನಡೆಯಿತು. ಸುಮಾರು 17,000 ಜನ ಸತ್ತರು. ನಿಮ್ಮ ಅಛಾಮ್ ಜಿಲ್ಲೆಯ ಕೇಂದ್ರ ಮಂಗಲ್‌ಸೇನ್ ಮೇಲೆ 2002ರ ಫೆಬ್ರುವರಿಯಲ್ಲಿ ದಾಳಿ ನಡೆದು, ಒಂದೇ ರಾತ್ರಿ ನೂರಕ್ಕೂ ಹೆಚ್ಚು ಪೊಲೀಸರು, ಸೈನಿಕರು ಸತ್ತರು. ಅದೇ ವರ್ಷ ಭಾರತದಲ್ಲಿದ್ದ ನೇಪಾಳಿಗಳ ಒಂದು ಸಂಘವನ್ನು ಮಾವೋವಾದಿಗಳ ನಂಟು ಇದೆ ಅಂತ ನಮ್ಮ ಸರ್ಕಾರ ಭಯೋತ್ಪಾದನೆ ತಡೆಯುವ ಪೋಟಾ ಕಾನೂನಿನಡಿ ನಿಷೇಧಿಸಿತು. ನಮ್ಮ ಓಣಿಯವರು ನನಗೆ ಹೇಳಿದ್ದು: ಆಗ ಅವರ ಹತ್ತಿರ ಯಾವುದೋ ಚಂದಾ ರಸೀದಿ ಇತ್ತಂತೆ, ಹತ್ತು ರೂಪಾಯಿಯದು. ಹೆದರಿ ಒಲೆಗೆ ಹಾಕಿದರಂತೆ. ನಿನ್ನಪ್ಪನ ಹತ್ತಿರ ಏನಿತ್ತೋ, ಯಾರನ್ನು ಕಳೆದುಕೊಂಡರೋ, ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ ಅನ್ನಿಸುತ್ತದೆ. ಕೇಳು. ರಾತ್ರಿ ಪಾಳಿ ಮುಗಿಸಿ ಬಂದು ಚಹಾ ಕುಡಿಯುವಾಗ ಪಕ್ಕ ಕೂತು ಕೇಳು. ಮಾರ್ಚ್ 5ಕ್ಕಿಂತ ಮೊದಲು ಮುಗಿಸಬೇಕಾದ ಕೆಲಸ ಅದು.

ದುಡ್ಡಿನ ವಿಷಯದಲ್ಲಿ ನಾನು ಬಿಗಿ. ಯಾರದೋ ಸ್ವಂತ ಕ್ಯೂಆರ್ ಕೋಡಿಗೆ ಪಕ್ಷದ ಹೆಸರಲ್ಲಿ ದುಡ್ಡು ಹಾಕಬೇಡ. ಗಾಯಗೊಂಡವರಿಗೋ, ಓದುವ ಮಕ್ಕಳಿಗೋ ಕೊಡಬೇಕು ಅನ್ನಿಸಿದರೆ ಅಲ್ಲಿರುವ ನಿಮ್ಮ ಸಂಬಂಧಿಕರ ಬ್ಯಾಂಕ್ ಖಾತೆಗೆ ಕಳಿಸು. ಅವರು ಕೈಯಾರೆ ಕೊಡಲಿ. ರಿಸರ್ವ್ ಬ್ಯಾಂಕ್ 2008ರಿಂದ ಇಂಡೋ-ನೇಪಾಳ ರೆಮಿಟೆನ್ಸ್ ಅಂತ ಒಂದು ವ್ಯವಸ್ಥೆ ಇಟ್ಟಿದೆ. ಇಲ್ಲಿನ ಬ್ಯಾಂಕಿನಿಂದ ಅಲ್ಲಿಗೆ ನೇರವಾಗಿ ಹೋಗುತ್ತದೆ, ದಾಖಲೆ ಉಳಿಯುತ್ತದೆ. ಊರಿಗೆ ಹೊರಟವರ ಕೈಯಲ್ಲಿ ಗಂಟು ಕಟ್ಟಿ ಕಳಿಸುವುದು ಸಾಕು ಮಾಡಿ.

ಇಲ್ಲೇ ಬೀದಿಗಿಳಿಯಬೇಕು ಅಂತಲೂ ನಿನಗೆ ಅನ್ನಿಸಬಹುದು. ಅದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 2024ರ ಜುಲೈನಲ್ಲಿ ಬಾಂಗ್ಲಾದೇಶ ಹೊತ್ತಿಕೊಂಡಾಗ ಯುಎಇಯಲ್ಲಿ ಕೂಲಿ ಮಾಡುತ್ತಿದ್ದ ಬಾಂಗ್ಲಾದವರು ಅಲ್ಲೇ ಮೆರವಣಿಗೆ ಮಾಡಿದರು. 57 ಜನಕ್ಕೆ ಶಿಕ್ಷೆಯಾಯಿತು. ಮೂವರಿಗೆ ಜೀವಾವಧಿ, ಉಳಿದವರಲ್ಲಿ ಹೆಚ್ಚಿನವರಿಗೆ ಹತ್ತು ವರ್ಷ. ಢಾಕಾದಲ್ಲಿ ಸರ್ಕಾರ ಬದಲಾದ ಮೇಲೆ ಸೆಪ್ಟೆಂಬರ್‌ನಲ್ಲಿ ಕ್ಷಮೆ ಸಿಕ್ಕಿತು. ಸಿಗದೇ ಇದ್ದಿದ್ದರೆ? ಭಾರತ ಯುಎಇ ಅಲ್ಲ ನಿಜ. 1950ರ ಒಪ್ಪಂದದಿಂದ ನಿಮಗೆ ಇಲ್ಲಿ ವಾಸ ಮಾಡಲು, ವ್ಯಾಪಾರ ಮಾಡಲು ಅವಕಾಶ ಇದೆ. ಆದರೂ ನಿಂತ ನೆಲದ ಕಾನೂನು ತಿಳಿದುಕೊಂಡು ನಿಲ್ಲಬೇಕು.

ಮತದ ವಿಷಯದಲ್ಲಿ ನನಗೂ ಸಿಟ್ಟಿದೆ. ಹೊರಗಿರುವ ನೇಪಾಳಿಗಳಿಗೂ ಮತ ಹಾಕುವ ಏರ್ಪಾಡು ಮಾಡಿ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. 2022ರ ಚುನಾವಣೆ ಬಂತು, ಹೋಯಿತು. ಆಗಲಿಲ್ಲ. ಅಪ್ಪನ ಹೆಸರು ಊರಿನ ಪಟ್ಟಿಯಲ್ಲಿದ್ದರೆ ರೈಲಿನಲ್ಲಿ ದೆಹಲಿ, ಅಲ್ಲಿಂದ ಬನ್‌ಬಸಾ ಗಡಿ, ಅಲ್ಲಿಂದ ಮತ್ತೆ ಬೆಟ್ಟದ ಬಸ್ಸು. ಆ ಖರ್ಚು ನೀನು ಕೊಡುತ್ತೇನೆ ಅನ್ನು ನೋಡೋಣ. ಪಕ್ಷಕ್ಕೆ ಕಳಿಸಬೇಕು ಅಂತ ಇಟ್ಟಿರುವ ದುಡ್ಡು ಅದಕ್ಕೆ ಸರಿಹೋಗುತ್ತದೆ. ಯಾರಿಗೆ ಹಾಕಬೇಕು ಅಂತ ಮಾತ್ರ ಹೇಳಬೇಡ.

ಪ್ರಶ್ನೆ: ಹೊರಗೆ ಕೂತು ತಮ್ಮ ಊರಿನ ಹೋರಾಟ ನಡೆಸಿದ ಕನ್ನಡಿಗರು ಇದ್ದಾರಾ?
– ಬಿ.ಎ. ವಿದ್ಯಾರ್ಥಿನಿ, ಹರಿಹರ

ಉತ್ತರ: ನಿಮ್ಮೂರ ಸೇತುವೆ ಮೇಲೆ ನಿಂತು ನೋಡಮ್ಮಾ. ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬೈ ಪ್ರಾಂತ್ಯ ಆಗಿತ್ತು. ಆಗ ಹೊರಗೆ ಹೋಗಲು ಹಡಗು ಹತ್ತಬೇಕಿರಲಿಲ್ಲ, ಹೊಳೆ ದಾಟಿದರೆ ಸಾಕಿತ್ತು. 1947ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜನರ ಸರ್ಕಾರ ಬೇಕು ಅಂತ ‘ಮೈಸೂರು ಚಲೋ’ ನಡೆದಾಗ ಎಚ್.ಎಸ್. ದೊರೆಸ್ವಾಮಿ ತಮ್ಮ ‘ಪೌರವಾಣಿ’ ಪತ್ರಿಕೆಯನ್ನು ಗಡಿಯಾಚೆ ಹಿಂದೂಪುರದಿಂದ ಹೊರಡಿಸಿದರು. ಹೈದರಾಬಾದ್ ಕರ್ನಾಟಕದ ಯುವಕರು ನಿಜಾಮನ ಗಡಿಯ ಹೊರಗೆ ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ಶಿಬಿರ ಹೂಡಿದರು. ಇನ್ನೂ ದೂರದ್ದು ಬೇಕಾದರೆ ಗದರ್ ಪಕ್ಷದ ಕಥೆ ಓದು. ಅಮೆರಿಕದಲ್ಲಿ ಮರ ಕೊಯ್ಯುವ ಕಾರ್ಖಾನೆ, ತೋಟಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳು ಬ್ರಿಟಿಷರ ವಿರುದ್ಧ 1913ರಲ್ಲಿ ಕಟ್ಟಿದ್ದು. ಅವರಲ್ಲಿ ಕರ್ತಾರ್ ಸಿಂಗ್ ಸರಾಭಾ ಊರಿಗೆ ವಾಪಸ್ ಬಂದ. 1915ರ ನವೆಂಬರ್‌ನಲ್ಲಿ ಲಾಹೋರಿನಲ್ಲಿ ಗಲ್ಲಿಗೇರಿದಾಗ ಅವನಿಗೆ 19 ವರ್ಷ. ಪಾಠ ಮಾಡುವಾಗ ಈ ಸಾಲಿಗೆ ಬಂದಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು. ಎದುರಿಗೆ ಕೂತವರೂ ಅದೇ ವಯಸ್ಸಿನವರಲ್ವಾ.

ಪ್ರಶ್ನೆ: ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಮೆರಿಕದ ಪೌರತ್ವ ತೆಗೆದುಕೊಂಡು ಮೂರು ವರ್ಷ ಆಯಿತು. ನಮ್ಮ ಹಳ್ಳಿಯಲ್ಲಿ ದೇವಸ್ಥಾನದ ಜಾಗಕ್ಕೆ ಎರಡು ಗುಂಪಿನ ನಡುವೆ ಗಲಾಟೆ ಆಗಿದೆ. ಅವನು ಅಲ್ಲಿಂದ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಿರುಸಾಗಿ ಬರೆಯುತ್ತಾನೆ. ಇಲ್ಲಿ ಜನ ನನ್ನ ಬಾಗಿಲಿಗೆ ಬಂದು ‘ನಿಮ್ಮ ಹುಡುಗ ಹೀಗಂದನಲ್ಲ’ ಅಂತ ಕೇಳುತ್ತಾರೆ. ಈಗ ಗೆಳೆಯನನ್ನು ಜಿಲ್ಲಾ ಪಂಚಾಯ್ತಿ ಚುನಾವಣೆಗೆ ನಿಲ್ಲಿಸಲು ನನ್ನ ಖಾತೆಗೆ ಮೂರು ಲಕ್ಷ ಹಾಕುತ್ತೇನೆ, ನೀನು ಕೊಟ್ಟುಬಿಡು ಅಂತಾನೆ. ಏನು ಮಾಡಲಿ?
– ಒಬ್ಬ ತಾಯಿ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ಅಕ್ಕಾ, ದುಡ್ಡು ಕೊಡಬೇಡಿ. ಮಗ ಬೇಜಾರು ಮಾಡಿಕೊಂಡರೂ ಕೊಡಬೇಡಿ. 2010ರ ವಿದೇಶಿ ದೇಣಿಗೆ ಕಾನೂನು, ಜನ ಎಫ್‌ಸಿಆರ್‌ಎ ಅಂತಾರಲ್ಲ, ಅದರ ಪ್ರಕಾರ ಚುನಾವಣೆಗೆ ನಿಂತವರು, ಪಕ್ಷಗಳು ವಿದೇಶಿಯರಿಂದ ದುಡ್ಡು ತಗೊಳ್ಳುವ ಹಾಗಿಲ್ಲ. ಪಂಚಾಯ್ತಿ ಚುನಾವಣೆಯೂ ಅದರಲ್ಲಿ ಸೇರಿದೆ. ನಿಮ್ಮ ಮಗ ನಿಮಗೆ ಮಗನೇ. ಕಾನೂನಿಗೆ ಅವನು ವಿದೇಶಿ. ಭಾರತ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅಷ್ಟೇ. ಅವನು ನಿಮ್ಮ ಔಷಧಿಗೆ, ಮನೆ ರಿಪೇರಿಗೆ ಕಳಿಸಿದರೆ ತೊಂದರೆಯಿಲ್ಲ. ಸಂಬಂಧಿಕರಿಂದ ವರ್ಷಕ್ಕೆ ಹತ್ತು ಲಕ್ಷದವರೆಗೆ ಬಂದರೆ ಸರ್ಕಾರಕ್ಕೆ ತಿಳಿಸುವುದೂ ಬೇಡ ಅಂತ 2022ರಲ್ಲಿ ನಿಯಮ ಬದಲಾಯಿಸಿದ್ದಾರೆ. ಆದರೆ ಅದೇ ದುಡ್ಡು ನಿಮ್ಮ ಖಾತೆ ಹೊಕ್ಕು ಅಭ್ಯರ್ಥಿಯ ಕೈ ಸೇರಿದರೆ ನಾಳೆ ಪ್ರಶ್ನೆ ಕೇಳುವುದು ನಿಮ್ಮನ್ನು. ನ್ಯೂಜೆರ್ಸಿಗೆ ಯಾರೂ ಹೋಗುವುದಿಲ್ಲ.

ಅವನು ಇನ್ನೂ ಭಾರತದ ಪೌರನಾಗಿದ್ದಿದ್ದರೆ ಮಾತೇ ಬೇರೆ. ಹೊರಗಿರುವ ಭಾರತೀಯರು ಮತದಾರರ ಪಟ್ಟಿ ಸೇರಬಹುದು ಅಂತ 2010ರಲ್ಲಿ ಕಾನೂನು ತಿದ್ದಿದರು. 6ಎ ಅರ್ಜಿ ತುಂಬಬೇಕು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಪೌರತ್ವ ಬಿಟ್ಟವರಿಗೆ ಅದೂ ಇಲ್ಲ.

ಬರೆಯುವುದನ್ನು ನಿಲ್ಲಿಸು ಅಂತ ನಾನು ಹೇಳುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಇಲ್ಲಿ ಬಾಯಿ ಕಟ್ಟಿದ್ದಾಗ ಅಮೆರಿಕದಲ್ಲಿದ್ದ ಭಾರತೀಯರು ದನಿ ಎತ್ತಿದ್ದರು. ಅದು ನಮಗೆ ಬೇಕಾಗಿತ್ತು. ಇಲ್ಲಿ ಆಡಲಾಗದ ಮಾತನ್ನು ಅವರು ಅಲ್ಲಿ ಆಡಿದರು. ನಿಮ್ಮ ಹಳ್ಳಿಯಲ್ಲಿ ಈಗ ಯಾರ ಬಾಯಿಯೂ ಕಟ್ಟಿಲ್ಲ. ಎಲ್ಲರೂ ಮಾತಾಡುತ್ತಿದ್ದಾರೆ, ಜಾಸ್ತಿಯೇ ಮಾತಾಡುತ್ತಿದ್ದಾರೆ. ನೀವು ಒಂದು ಕೆಲಸ ಮಾಡಿ. ಮುಂದಿನ ಸಲ ಯಾರಾದರೂ ಬಾಗಿಲಿಗೆ ಬಂದಾಗ ಮಗನಿಗೆ ವಿಡಿಯೊ ಕಾಲ್ ಹಚ್ಚಿ ಅವರ ಕೈಗೇ ಕೊಡಿ. ಅವರ ಮುಖ ನೋಡಿಕೊಂಡು ಅದೇ ಮಾತನ್ನು ಹೇಳಲಿ. ಹೇಳಲು ಆಗದ ಮಾತನ್ನು ಗುಂಪಿನಲ್ಲೂ ಬರೆಯಬಾರದು ಅಂತ ಅವನಿಗೇ ಅನ್ನಿಸುತ್ತದೆ. ನೀವು ಅದೇ ಬಾವಿ ನೀರು ಕುಡಿಯಬೇಕು, ಅದೇ ದಾರಿಯಲ್ಲಿ ನಡೆಯಬೇಕು ಅನ್ನುವುದನ್ನು ಅವನಿಗೆ ನೆನಪು ಮಾಡಿ.

ಪ್ರಶ್ನೆ: ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟಿಯನ್ನರು ಯಾವುದೋ ಚುನಾವಣೆ ಬಗ್ಗೆ ಮಾತಾಡುತ್ತಿದ್ದರು. ದೇಶವೇ ಕೈಯಲ್ಲಿಲ್ಲದವರಿಗೆ ಎಂಥ ಚುನಾವಣೆ?
– ಬಟ್ಟೆ ವ್ಯಾಪಾರಿ, ದಾವಣಗೆರೆ

ಉತ್ತರ: ಅದಕ್ಕೇ ಅವರು ಚುನಾವಣೆ ಬಿಡುವುದಿಲ್ಲ. ಧರ್ಮಶಾಲಾದಲ್ಲಿ ಅವರದೊಂದು ಸಂಸತ್ತು ಇದೆ. ದಲೈ ಲಾಮಾ 2011ರಲ್ಲಿ ತಮ್ಮ ರಾಜಕೀಯ ಅಧಿಕಾರವನ್ನು ಚುನಾಯಿತರಿಗೆ ಒಪ್ಪಿಸಿದರು. ಆ ಚುನಾಯಿತ ಆಡಳಿತದ ಮುಖ್ಯಸ್ಥನಿಗೆ ಸಿಕ್ಯೋಂಗ್ ಅನ್ನುತ್ತಾರೆ. 2021ರಲ್ಲಿ ಗೆದ್ದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು ನಮ್ಮ ಬೈಲಕುಪ್ಪೆಯಲ್ಲಿ. ಮತ ಹಾಕಲು ಹಸಿರು ಪುಸ್ತಕ ಬೇಕು. ಪ್ರತಿ ವರ್ಷ ತಮ್ಮ ಆಡಳಿತಕ್ಕೆ ಕೊಡುವ ಕಾಣಿಕೆಯ ಲೆಕ್ಕ ಅದರಲ್ಲಿರುತ್ತದೆ. ಮುಂಡಗೋಡಿನ ನೆಲೆ 1966ರಲ್ಲಿ ಶುರುವಾದದ್ದು. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಚಿತ್ರದುರ್ಗದಲ್ಲಿ ಮನೆ ಮಾಡಿ ವಕೀಲಿಕೆ ನಡೆಸಿದವರು.

ನಾನು ಹೋದ ವಾರ ಸ್ವೆಟರ್ ಕೊಳ್ಳಲು ಹೋದಾಗ ಅಂಗಡಿಯ ಹೆಂಗಸನ್ನು ಕೇಳಿದೆ. ಮುಂಡಗೋಡಿನವರು, ಕನ್ನಡ ಚೆನ್ನಾಗಿ ಬರುತ್ತದೆ. ಗಲ್ಲಾಪೆಟ್ಟಿಗೆ ಕೆಳಗಿಂದ ಪ್ಲಾಸ್ಟಿಕ್ ಚೀಲ ಬಿಚ್ಚಿ ಆ ಪುಸ್ತಕ ತೋರಿಸಿದರು. ಒಂದು ಮೂಲೆ ಸವೆದಿತ್ತು. ‘ಟಿಬೆಟ್ ನಾನು ನೋಡಿಲ್ಲ, ನಮ್ಮಮ್ಮ ನೋಡಿದ್ರು’ ಅಂದರು. 2026ರ ಫೆಬ್ರುವರಿ 1ಕ್ಕೆ ಮೊದಲ ಸುತ್ತಿನ ಮತದಾನ ಅಂತೆ. ಜನವರಿ ಕೊನೆಗೇ ಅಂಗಡಿ ಮುಚ್ಚಿ ಹೊರಡುತ್ತಾರಂತೆ, ಆಗ ಚಳಿ ಇದ್ದರೂ ಸರಿಯೇ. ನಿಮಗೆ ಸ್ವೆಟರ್ ಬೇಕಿದ್ದರೆ ಅಷ್ಟರೊಳಗೆ ತಗೊಳ್ಳಿ.